ಅರ್ಕಾವತಿ ಕಣ್ವಾ ತೀರಗಳ ಆರೋಗ್ಯಪರೀಕ್ಷೆ: ಇತಿಹಾಸದ ಸಾಕ್ಷ್ಯವೂ ಶಿಕ್ಷಣ ಶಿಬಿರದ ಕ್ರಮವೂ

ನಮ್ಮ ನಾಡಿನ ಇತಿಹಾಸಗ್ರಂಥಗಳಲ್ಲಿ ನದಿಗಳ ಹೆಸರು ಬಾರದ ಅಧ್ಯಾಯವಿಲ್ಲ. ಆದರೆ ಅಲ್ಲಿ ನದಿಯು ಒಂದು ರಾಜ್ಯದ ಎಲ್ಲೆಯಾಗಿಯೋ, ಒಂದು ರಾಜಧಾನಿಯ ಆಶ್ರಯವಾಗಿಯೋ, ದಾನಶಾಸನವೊಂದರ ಸ್ಥಳನಿರ್ದೇಶವಾಗಿಯೋ ಬಂದುಹೋಗುವುದೇ ಹೊರತು, ನದಿಗೇ ಒಂದು ಚರಿತ್ರೆಯುಂಟೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಈಚಿನ ವರ್ಷಗಳಲ್ಲಿ ಜೀವಶಾಸ್ತ್ರ, ಭೂಗೋಳಶಾಸ್ತ್ರಗಳ ಅಧ್ಯಾಪಕರು ವಿದ್ಯಾರ್ಥಿಗಳನ್ನು ಹೊಳೆಯ ದಂಡೆಗೆ ಕರೆದೊಯ್ದು, ಹರಿಯುವ ನೀರಿನ ಮತ್ತು ದಡದ ಜೀವನೆಲೆಯ ಆರೋಗ್ಯವನ್ನು ಪರೀಕ್ಷಿಸುವ ಕ್ರಮವನ್ನು ಶಿಬಿರಗಳ ಮೂಲಕ ಕಲಿಸುತ್ತಿದ್ದಾರೆ. ಈ ಶಿಬಿರಗಳಿಗೆ ಇತಿಹಾಸದ ಅಧ್ಯಾಪಕರನ್ನು ಯಾರೂ ಕರೆಯುವುದಿಲ್ಲ. ಕರೆದರೂ ನಮಗೆ ಅಲ್ಲೇನು ಕೆಲಸವೆಂದು ನಾವು ಹಿಂಜರಿಯುತ್ತೇವೆ. ಇತಿಹಾಸದ ಸಾಕ್ಷ್ಯವಿಲ್ಲದೆ ಈ ಪರೀಕ್ಷೆಯು ಪೂರ್ಣವಾಗಲಾರದೆಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಹೊಳೆಗಳನ್ನು ನಿದರ್ಶನವಾಗಿ ತೆಗೆದುಕೊಂಡು ತೋರಿಸುವುದೂ, ಅದಕ್ಕೆ ಅನುಗುಣವಾಗಿ ಶಿಬಿರದ ಕ್ರಮವೊಂದನ್ನು ಸೂಚಿಸುವುದೂ ಈ ಲೇಖನದ ಉದ್ದೇಶವಾಗಿದೆ.

1. ಕ್ಷೇತ್ರದ ಸ್ವರೂಪ

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳನ್ನು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು 2025ರಲ್ಲಿ ರಾಜ್ಯದ ಸಚಿವ ಸಂಪುಟವು ತೀರ್ಮಾನಿಸಿತು. ಹೆಸರುಗಳು ಹೀಗೆ ಬದಲಾಗುವುದು ಈ ಸೀಮೆಗೆ ಹೊಸದಲ್ಲ. ಇಂದಿನ ರಾಮನಗರವು ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯಾಗಿತ್ತು, ಕನಕಪುರವು ಕಾನಕಾನಹಳ್ಳಿಯಾಗಿತ್ತು. ಹಳೆಯ ದಾಖಲೆಗಳಲ್ಲಿ ಹೊಳೆಯ ಸುದ್ದಿಯನ್ನು ಹುಡುಕುವ ವಿದ್ಯಾರ್ಥಿಯು ಈ ಹೆಸರುಗಳನ್ನು ಮೊದಲು ಅರಿತಿರಬೇಕು.

ಈ ಪ್ರದೇಶದ ಮುಖ್ಯ ನದಿ ಅರ್ಕಾವತಿ. ಅದು ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮೂಲಕ ಸಾಗಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮಂಚನಬೆಲೆಯನ್ನು ದಾಟಿ, ರಾಮನಗರ ಪಟ್ಟಣದ ನಡುವೆ ಹರಿದು, ಕನಕಪುರವನ್ನು ಸೇರಿ, ಹಾರೋಬೆಲೆಯ ಕೆಳಗೆ ಕಾಡನ್ನು ಹೊಕ್ಕು, ಸಂಗಮವೆಂಬಲ್ಲಿ ಕಾವೇರಿಯಲ್ಲಿ ಲೀನವಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿಯು ಬಿಡದಿ ಹೋಬಳಿಯ ಬೈರಮಂಗಲದ ಕೆರೆಯನ್ನು ಹಾದು ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಮಾಗಡಿ ಸೀಮೆಯಿಂದ ಇಳಿದು ಬರುವ ಕಣ್ವಾ ನದಿಯಾದರೋ ಚನ್ನಪಟ್ಟಣ ತಾಲ್ಲೂಕಿನ ಮೂಲಕ ಹರಿದು ಶಿಂಷಾ ನದಿಯನ್ನು ಸೇರುವುದು. ಇವೆಲ್ಲವೂ ಕಡೆಗೆ ಕಾವೇರಿಯ ಪಾಲೇ.

ಈ ಹೊಳೆಗಳಲ್ಲಿ ಯಾವುದೂ ಮಲೆನಾಡಿನ ನದಿಗಳಂತೆ ವರ್ಷವಿಡೀ ತುಂಬಿ ಹರಿಯತಕ್ಕುದಲ್ಲ. ಮಳೆಗಾಲದಲ್ಲಿ ಕೆಂಪು ನೀರಾಗಿ ಉಕ್ಕಿ, ಮಾಗಿಯಲ್ಲಿ ತಿಳಿಯಾಗಿ, ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳಲ್ಲಿ ನಿಂತು, ಉಳಿದೆಡೆಯಲ್ಲಿ ಮರಳಿನೊಳಗೆ ಅಡಗುವುದು ಅವುಗಳ ಸ್ವಭಾವ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಿವೇಚನೆಯೆಲ್ಲವೂ ಇದನ್ನೇ ಅವಲಂಬಿಸಿದೆ.

2. ಪೂರ್ವಿಕರ ಜಲಪರಿಜ್ಞಾನ

ನೀರನ್ನು ನೋಡಿ ಅದರ ಸ್ಥಿತಿಯನ್ನು ಅಳೆಯುವ ವಿದ್ಯೆಯು ನಮಗೆ ಹೊರಗಿನಿಂದಲೇ ಬಂದುದೆಂದು ಭಾವಿಸುವುದು ಸರಿಯಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಅದರಲ್ಲಿ ಮೀನುಗಳನ್ನು ಅವು ವಾಸಿಸುವ ನೀರಿನ ನೆಲೆ, ಪೊರೆಯಿರುವುದು ಅಥವಾ ಇಲ್ಲದಿರುವುದು ಮೊದಲಾದ ಲಕ್ಷಣಗಳಿಂದ ವಿಂಗಡಿಸಲಾಗಿದೆ. ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಆಧುನಿಕ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ, ಕರ್ನಾಟಕದ ಅರಸನೊಬ್ಬನ ಮೀನಿನ ಜ್ಞಾನವನ್ನು ವಿದ್ವಲ್ಲೋಕದ ಗಮನಕ್ಕೆ ತಂದರು.

ಅರಸರ ವಿನೋದಕ್ಕಿಂತಲೂ ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದುದು ಗ್ರಾಮದ ವ್ಯವಸ್ಥೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ರಕ್ಷಿಸಿಕೊಂಡು ಬಂದವನಿಗೂ ಭೂಮಿಯನ್ನು ಕೊಡಗೆಯಾಗಿ ಬಿಡುತ್ತಿದ್ದುದಕ್ಕೆ ಹಳೆಯ ಮೈಸೂರು ಸೀಮೆಯ ಶಾಸನಗಳಲ್ಲಿ ಹೇರಳವಾದ ಆಧಾರಗಳಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಶಾಸನಗಳಲ್ಲಿ ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ತೊರೆ, ಕೆರೆಯ ಕೋಡಿ, ಬಂಡೆ, ಮರ ಇವುಗಳನ್ನು ಗುರುತಾಗಿ ಹೆಸರಿಸುವುದು ವಾಡಿಕೆ. ಇಂದು ಒಂದು ಹಳ್ಳವು ಇದ್ದ ಜಾಗದಲ್ಲೇ ಇದೆಯೇ, ಅಥವಾ ಹೊಲವಾಗಿಯೋ ರಸ್ತೆಯಾಗಿಯೋ ಮಾರ್ಪಟ್ಟಿದೆಯೇ ಎಂಬುದನ್ನು ವಿಚಾರಿಸುವವನಿಗೆ ಇಂತಹ ಎಲ್ಲೆಗಳ ವಿವರಗಳು ಅಮೂಲ್ಯವಾದ ಸಾಮಗ್ರಿ.

ಸ್ಥಳನಾಮಗಳೂ ಇದೇ ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ. ಚನ್ನಪಟ್ಟಣದ ಬಳಿ ಕಣ್ವಾ ನದಿಯ ದಂಡೆಯಲ್ಲಿರುವ ದೊಡ್ಡಮಳೂರು, ಅಪ್ರಮೇಯಸ್ವಾಮಿಯ ದೇವಾಲಯದಿಂದ ಪ್ರಸಿದ್ಧವಾದುದು. ಆ ಗುಡಿಯು ಮರಳಿನ ಮೇಲೆಯೇ ನಿಂತಿದೆಯೆಂದೂ, ಅದರಿಂದಲೇ ಊರಿಗೆ ಆ ಹೆಸರು ಬಂದಿತೆಂದೂ ಸ್ಥಳೀಯ ಐತಿಹ್ಯವುಂಟು. ಹಳಗನ್ನಡದಲ್ಲಿ ಮಳಲ್ ಎಂದರೆ ಮರಳು. ಐತಿಹ್ಯವೇ ಇತಿಹಾಸವಲ್ಲ, ಒಂದು ಹೆಸರಿನಿಂದ ಹೊಳೆಯ ತಳದ ಆಳವನ್ನು ಅಳೆಯಲೂ ಆಗದು. ಆದರೂ ಮರಳು ಆ ನದಿಗೆ ಎಷ್ಟು ಸಹಜವಾದ ಲಕ್ಷಣವೆಂದು ಜನರು ಭಾವಿಸಿದ್ದರೆಂಬುದಕ್ಕೆ ಆ ಹೆಸರು ಮತ್ತು ಕಥೆಗಳೆರಡೂ ಸಾಕ್ಷಿಯಾಗಿವೆ.

ಗ್ರಾಮದಲ್ಲಿ ಈ ಪರಿಜ್ಞಾನವನ್ನು ವೃತ್ತಿಯಾಗಿ ಉಳ್ಳವನು ನೀರಗಂಟಿ. ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಒಸರುತ್ತಿದೆ, ಕೋಡಿ ಎಂದು ಬೀಳಬಹುದು ಎಂಬಿವನ್ನು ಅವನು ಪ್ರತಿದಿನವೂ ಗಮನಿಸುತ್ತಿದ್ದನು. ಅವನ ಶಿಕ್ಷಣವು ಮನೆತನದಲ್ಲಿ, ಏರಿಯ ಮೇಲೆ ನಡೆಯುತ್ತಿತ್ತು. ಆದರೆ ಅವನ ಜ್ಞಾನವು ನೀರಿನ ಪ್ರಮಾಣಕ್ಕೂ ಹಂಚಿಕೆಗೂ ಸಂಬಂಧಿಸಿದ್ದು. ಹೊಳೆಯ ಕಲ್ಲಿನಡಿಯ ಹುಳುವಿನ ಗೊಡವೆ ಅವನಿಗೆ ಇರಲಿಲ್ಲ. ಆದಕಾರಣ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವುದೂ, ಏನೂ ತಿಳಿದಿರಲಿಲ್ಲವೆಂದು ಹೇಳುವುದೂ ಸಮಾನವಾಗಿ ಅಸಂಗತವೆನಿಸುತ್ತದೆ.

3. ಆಧುನಿಕ ಪರೀಕ್ಷಾಕ್ರಮದ ಬೆಳವಣಿಗೆ

ಹೊಳೆಯ ಆರೋಗ್ಯವನ್ನು ಶಾಸ್ತ್ರೀಯವಾಗಿ ಅಳೆಯುವ ಪ್ರಯತ್ನವು ಕಲ್ಮಷದಿಂದ ಪೀಡಿತವಾದ ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಆರಂಭವಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು, ಕೊಳಕು ನೀರಿನಲ್ಲಿ ಯಾವ ಜೀವಿಗಳು ಬದುಕುತ್ತವೆ, ತಿಳಿನೀರಿನಲ್ಲಿ ಯಾವುವು ಬದುಕುತ್ತವೆ ಎಂಬುದನ್ನು ಪಟ್ಟಿಮಾಡಿ, ಜೀವಿಗಳ ಮೂಲಕವೇ ನೀರನ್ನು ವರ್ಗೀಕರಿಸಿದರು. ಇಂಗ್ಲೆಂಡಿನಲ್ಲಿ 1898ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್ ಕೊಳಚೆ ನೀರಿನ ವಿಚಾರವನ್ನು ಪರಿಶೀಲಿಸಿ, 1912ರ ತನ್ನ 8ನೆಯ ವರದಿಯಲ್ಲಿ ನೀರು 5 ದಿನಗಳಲ್ಲಿ ಹೀರುವ ಆಮ್ಲಜನಕದ ಪ್ರಮಾಣವನ್ನು ಅಳತೆಗೋಲಾಗಿ ನಿಗದಿಮಾಡಿತು. ಮೊದಲನೆಯದು ಜೀವಶಾಸ್ತ್ರಜ್ಞನ ಮಾರ್ಗ, ಎರಡನೆಯದು ರಸಾಯನಶಾಸ್ತ್ರಜ್ಞನ ಮಾರ್ಗ. ಮುಂದಿನ ಬಹುಕಾಲ ಎರಡನೆಯ ಮಾರ್ಗವೇ ಸರ್ಕಾರಗಳಿಗೆ ಹೆಚ್ಚು ಸಮ್ಮತವಾಯಿತು.

1970ರ ನಂತರ ಜೀವಶಾಸ್ತ್ರಜ್ಞನ ಮಾರ್ಗಕ್ಕೆ ಮತ್ತೆ ಪ್ರಾಶಸ್ತ್ಯ ಬಂದಿತು. ಬ್ರಿಟನ್ನಿನ ತಜ್ಞರ ಮಂಡಲಿಯೊಂದು ನೀರಿನ ತಳದಲ್ಲಿ ವಾಸಿಸುವ ಸಣ್ಣ ಜೀವಿಗಳ ಪ್ರತಿಯೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕಗಳನ್ನು ಗೊತ್ತುಮಾಡಿತು. ಕಲ್ಮಷವನ್ನು ಸಹಿಸದ ಮೇಫ್ಲೈ ಕೀಟದ ಕೆಲವು ಕುಟುಂಬಗಳಿಗೆ 10 ಅಂಕ. ಕೊಳೆತ ಕೆಸರಿನಲ್ಲಿಯೂ ಬದುಕುವ ಎರೆಹುಳುವಿನ ಜಾತಿಗೆ 1 ಅಂಕ. 1981ರಲ್ಲಿ ಅಮೆರಿಕದ ಜೇಮ್ಸ್ ಕಾರ್ ಎಂಬ ವಿದ್ವಾಂಸರು ಮೀನುಗಳ ಸಮುದಾಯವನ್ನು ಆಧಾರವಾಗಿಟ್ಟುಕೊಂಡು ಇಂತಹುದೇ ಸೂಚ್ಯಂಕವೊಂದನ್ನು ರೂಪಿಸಿದರು. 1989ರಲ್ಲಿ ಅದೇ ದೇಶದ ಪರಿಸರ ಸಂರಕ್ಷಣಾ ಇಲಾಖೆಯು ಹೊಳೆಗಳ ಶೀಘ್ರಪರೀಕ್ಷೆಯ ಕೈಪಿಡಿಯನ್ನು ಪ್ರಕಟಿಸಿತು; 1999ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು. ಇಂದು ಶಿಬಿರಗಳಲ್ಲಿ ಹಂಚಲಾಗುವ ಪರೀಕ್ಷಾಪತ್ರಗಳಲ್ಲಿ ಬಹುಮಟ್ಟಿಗೆ ಈ ಕೈಪಿಡಿಯ ಛಾಯೆಯೇ ಕಾಣುತ್ತದೆ.

ಆ ಪತ್ರದಲ್ಲಿ 10 ಅಂಶಗಳುಂಟು. ಜೀವಿಗಳು ಆಶ್ರಯಿಸಬಹುದಾದ ಕಲ್ಲು, ಕೊರಡುಗಳು, ಕಲ್ಲುಗಳು ಹೂಳಿನಲ್ಲಿ ಎಷ್ಟು ಹುದುಗಿವೆಯೆಂಬುದು, ಹರಿವಿನ ವೇಗ ಮತ್ತು ಆಳಗಳ ವೈವಿಧ್ಯ, ಹೂಳಿನ ಸಂಚಯ, ಪಾತ್ರದಲ್ಲಿ ನೀರು ಎಷ್ಟು ತುಂಬಿದೆಯೆಂಬುದು, ಪಾತ್ರವನ್ನು ಮನುಷ್ಯನು ಎಷ್ಟು ಮಾರ್ಪಡಿಸಿದ್ದಾನೆಂಬುದು, ಕಲ್ಲಿನ ಮೇಲೆ ನೀರು ಜುಳುಜುಳನೆ ಹರಿಯುವ ಸ್ಥಳಗಳು ಎಷ್ಟೆಷ್ಟು ದೂರಕ್ಕಿವೆಯೆಂಬುದು, ದಡದ ಭದ್ರತೆ, ದಡದ ಸಸ್ಯಾವರಣ, ದಂಡೆಯ ಹಸುರುಪಟ್ಟಿಯ ಅಗಲ. ಒಂದೊಂದಕ್ಕೂ 20ರಂತೆ ಒಟ್ಟು 200 ಅಂಕಗಳು. ಹಸುರುಪಟ್ಟಿಯು 18 ಮೀಟರಿಗಿಂತ ಅಗಲವಾಗಿದ್ದರೆ ಉತ್ತಮವೆಂದೂ, 6 ಮೀಟರಿಗಿಂತ ಕಿರಿದಾಗಿದ್ದರೆ ಹೀನವೆಂದೂ ಎಣಿಕೆ. ಉಪಕರಣಗಳ ವೆಚ್ಚವಿಲ್ಲದೆ, ಕಣ್ಣು ಮತ್ತು ಅಳತೆಯ ದಾರಗಳಿಂದಲೇ ನಡೆಸಬಹುದಾದ ಈ ಕ್ರಮವು ಕಾಲೇಜಿನ ವಿದ್ಯಾರ್ಥಿಗಳಿಗೆ ಅತ್ಯಂತ ಅನುಕೂಲವಾದುದೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ದೇಶದಲ್ಲಿ 1974ರ ಜಲಮಾಲಿನ್ಯ ನಿಯಂತ್ರಣ ಶಾಸನವು ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ಮಂಡಲಿಗಳ ಸ್ಥಾಪನೆಗೆ ದಾರಿಮಾಡಿತು. ನೀರಿನ ಉಪಯೋಗಕ್ಕೆ ಅನುಸಾರವಾಗಿ ಅದನ್ನು 5 ವರ್ಗಗಳಾಗಿ ವಿಂಗಡಿಸುವ ಪದ್ಧತಿಯೂ, ತಳದ ಜೀವಿಗಳ ಅಂಕಗಳನ್ನು ಅವಲಂಬಿಸಿದ ಪದ್ಧತಿಯೂ ಕೇಂದ್ರ ಮಂಡಲಿಯಲ್ಲಿ ರೂಢಿಗೆ ಬಂದವು. 2018ರಲ್ಲಿ ಆ ಮಂಡಲಿಯು ದೇಶದಲ್ಲಿ ಕಲುಷಿತವಾದ 351 ನದೀಭಾಗಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕಕ್ಕೆ ಸೇರಿದವು, ಅರ್ಕಾವತಿಯೂ ಅವುಗಳಲ್ಲೊಂದು.

4. ಪರೀಕ್ಷಾಪತ್ರದ ಮುಂದೆ ಎರಡು ಹೊಳೆಗಳು

ಈ ಲೇಖಕನು ಬೇಸಗೆಯ ಆರಂಭದಲ್ಲಿ ನಡೆದ ಇಂತಹ ಶಿಬಿರವೊಂದರಲ್ಲಿ ವಿದ್ಯಾರ್ಥಿಗಳೊಡನೆ ಭಾಗವಹಿಸಿದ್ದನು. ಮುಂಜಾನೆ ಬೈರಮಂಗಲದ ಕೆಳಗಿನ ವೃಷಭಾವತಿಯ ದಂಡೆಯಲ್ಲಿ ಪತ್ರವನ್ನು ತುಂಬಲಾಯಿತು. ಮಧ್ಯಾಹ್ನ ಕಣ್ವಾ ನದಿಯ ದಂಡೆಯಲ್ಲಿ. ವೃಷಭಾವತಿಯಲ್ಲಿ ನೊರೆಯೂ ದುರ್ಗಂಧವೂ ಇದ್ದರೂ ನೀರು ದಡದಿಂದ ದಡಕ್ಕೆ ಹರಿಯುತ್ತಿತ್ತು. ಪಾತ್ರ ತುಂಬಿದ ಹರಿವಿಗೆ ಎಷ್ಟು ಅಂಕಗಳನ್ನು ಕೊಡಬಹುದೋ ಅಷ್ಟನ್ನೂ ಕೊಡುವುದು ಪತ್ರದ ನಿಯಮದಂತೆ ಅನಿವಾರ್ಯವಾಯಿತು. ಕಣ್ವಾ ನದಿಯಲ್ಲಿಯಾದರೋ ಒಣಮರಳು, ಅಲ್ಲಲ್ಲಿ ಜೊಂಡು, ಒಂದೆರಡು ಗುಂಡಿಗಳಲ್ಲಿ ನಿಂತ ನೀರು. ಹರಿವಿನ ಅಂಶದಲ್ಲಿಯೂ ವೇಗದ ಅಂಶದಲ್ಲಿಯೂ ಅದಕ್ಕೆ ದೊರೆತದ್ದು ಕನಿಷ್ಠ ಅಂಕಗಳು. ಆಗ ವಿದ್ಯಾರ್ಥಿನಿಯೊಬ್ಬಳು, “ಸಾರ್, ಹಾಗಾದರೆ ಬೆಳಗ್ಗೆ ನೋಡಿದ ಹೊಳೆಯೇ ಇದಕ್ಕಿಂತ ಆರೋಗ್ಯವಾಗಿದೆಯೇ?” ಎಂದು ಕೇಳಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಒಡನೆಯೇ ಉತ್ತರ ಹೇಳಲಾರದೆ ಹೋದೆವು.

ಅಲ್ಲಿ ಕುರಿಗಳನ್ನು ಮೇಯಿಸುತ್ತಿದ್ದ ವೃದ್ಧರೊಬ್ಬರು ನಮ್ಮ ಮಾತನ್ನು ಕೇಳಿಸಿಕೊಂಡು ಹತ್ತಿರ ಬಂದರು. “ಬೇಸಿಗೇಲಿ ಈ ಹೊಳೆ ಒಣಗೋದು ಹೊಸದಲ್ಲ ಸ್ವಾಮಿ. ನಮ್ಮ ಕಾಲದಲ್ಲೂ ಒಣಗ್ತಿತ್ತು. ಆದರೆ ಮೊಳಕೈ ಉದ್ದ ಮರಳು ಕೆರೆದರೆ ಒರತೆ ಬರ್ತಿತ್ತು, ದನ ಕುಡೀತಿದ್ದವು, ನಾವೂ ಕುಡೀತಿದ್ದೆವು. ಈಗ ಆಳುದ್ದ ತೋಡಿದರೂ ಒರತೆ ಇಲ್ಲ” ಎಂದು ಅವರು ಹೇಳಿದರು.

ಈ ಒಂದು ಮಾತು ಪರೀಕ್ಷಾಪತ್ರದ ಕೊರತೆಯನ್ನು ಎತ್ತಿ ತೋರಿಸಿತು. ಹೊಳೆಯ ಮೇಲ್ಮೈ ಒಣಗುವುದು ರೋಗವಲ್ಲ, ಅದು ಆ ಹೊಳೆಯ ಪ್ರಕೃತಿ. ಒರತೆ ಬತ್ತಿದುದೇ ನಿಜವಾದ ರೋಗ. ಪತ್ರದಲ್ಲಿ ಒಣಗಿದುದಕ್ಕೆ ಅಂಕವನ್ನು ಕಳೆಯುವ ಸ್ಥಳವಿದೆ; ಒರತೆಯನ್ನು ಕುರಿತು ಒಂದು ಪ್ರಶ್ನೆಯೂ ಇಲ್ಲ. ಇದು ಆ ಕೈಪಿಡಿಯನ್ನು ರಚಿಸಿದವರ ತಪ್ಪಲ್ಲ. ಯಾವ ಹೊಳೆಯನ್ನಾದರೂ ಅಳೆಯುವ ಮೊದಲು, ಮನುಷ್ಯನ ಹಾವಳಿಯಿಲ್ಲದ ಅದೇ ಬಗೆಯ ಹೊಳೆಯೊಂದರ ಸ್ಥಿತಿಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದು ಅವರೇ ವಿಧಿಸಿದ್ದಾರೆ. ನಾವು ಪತ್ರವನ್ನು ತಂದೆವು. ಮಾದರಿಯನ್ನು ನಿರ್ಣಯಿಸುವ ಶ್ರಮವನ್ನು ವಹಿಸಲಿಲ್ಲ. ನಮ್ಮ ಸೀಮೆಯಲ್ಲಿ ಹಾವಳಿಯಿಲ್ಲದ ಹೊಳೆ ಇಂದು ಕಣ್ಣಿಗೆ ಕಾಣುವಂತೆ ಎಲ್ಲಿಯೂ ಉಳಿದಿಲ್ಲವಾದ್ದರಿಂದ, ಆ ಮಾದರಿಯನ್ನು ಗತಕಾಲದಲ್ಲಿಯೇ ಹುಡುಕಬೇಕಾಗುತ್ತದೆ. ಗತಕಾಲವನ್ನು ಹುಡುಕುವುದು ಇತಿಹಾಸಕಾರನ ಕೆಲಸ.

1995ರಲ್ಲಿ ಡೇನಿಯಲ್ ಪಾಲಿ ಎಂಬ ಮತ್ಸ್ಯವಿಜ್ಞಾನಿಯು ಈ ಸಮಸ್ಯೆಯನ್ನು ಸಮುದ್ರದ ಮೀನುಗಾರಿಕೆಯ ಸಂಬಂಧದಲ್ಲಿ ಸ್ಪಷ್ಟಪಡಿಸಿದರು. ಪ್ರತಿಯೊಂದು ಪೀಳಿಗೆಯ ವಿಜ್ಞಾನಿಗಳೂ ತಾವು ವೃತ್ತಿಯನ್ನಾರಂಭಿಸಿದಾಗ ಕಂಡ ಸ್ಥಿತಿಯನ್ನೇ ಸಹಜವೆಂದು ಭಾವಿಸುವರು. ಹೀಗೆ ನಷ್ಟವು ಪೀಳಿಗೆಯಿಂದ ಪೀಳಿಗೆಗೆ ಕಣ್ಮರೆಯಾಗುತ್ತ ಹೋಗುವುದೆಂದು ಅವರ ಅಭಿಪ್ರಾಯ. ಇಂದು ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ನೊರೆಯುಕ್ಕುವ ವೃಷಭಾವತಿಯೇ ಹುಟ್ಟಿನಿಂದ ಕಂಡ ಹೊಳೆ.

5. ಮಾರ್ಪಾಟುಗಳ ಕಾಲಾನುಕ್ರಮ

ಹಾಗಾದರೆ ಈ ಹೊಳೆಗಳಲ್ಲಿ ಯಾವಾಗ ಏನು ಬದಲಾಯಿತು? ಖಚಿತವಾಗಿ ತಿಳಿದಿರುವ ಕೆಲವು ಘಟ್ಟಗಳನ್ನು ಮಾತ್ರ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ತಡೆದು ಬೆಂಗಳೂರಿಗೆ ಕೊಳವೆಗಳ ಮೂಲಕ ಸಾಗಿಸುವ ಏರ್ಪಾಡಾಯಿತು. ಅದು ಸಾಲದಾಗಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಯಿತು. ಅಂದಿನಿಂದ ಅರ್ಕಾವತಿಯ ಮೇಲ್ಭಾಗದ ನೀರು ಮೊದಲು ನಗರದ ಪಾಲು, ಉಳಿದುದು ಹೊಳೆಯ ಪಾಲು ಎಂಬ ಸ್ಥಿತಿ ಉಂಟಾಯಿತು. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಬೈರಮಂಗಲದ ಕೆರೆಯೂ, 1946ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ಕಣ್ವಾ ಜಲಾಶಯವೂ ವ್ಯವಸಾಯದ ಸಲುವಾಗಿ ನಿರ್ಮಿತವಾದವು. ಅನಂತರ ಮಂಚನಬೆಲೆ, ಹಾರೋಬೆಲೆಗಳಲ್ಲಿ ಅರ್ಕಾವತಿಗೆ ಮತ್ತೆರಡು ಅಣೆಕಟ್ಟುಗಳಾದವು. ಶಿಂಷೆಗೆ ಇಗ್ಗಲೂರಿನಲ್ಲಿ ಕಟ್ಟೆಯಾಗಿ, ಅಲ್ಲಿಂದ ನೀರನ್ನು ಮೇಲೆತ್ತಿ ಚನ್ನಪಟ್ಟಣ ಸೀಮೆಯ ಕೆರೆಗಳನ್ನು ತುಂಬಿಸುವ ಯೋಜನೆ ಕಾರ್ಯಗತವಾಯಿತು.

ಇವೆಲ್ಲಕ್ಕಿಂತ ದೂರಗಾಮಿಯಾದ ಘಟನೆ 1974ರದು. ಆ ವರ್ಷ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಬೆಂಗಳೂರಿಗೆ ಏರಿಸಲಾರಂಭವಾಯಿತು. ನಗರಕ್ಕೆ ಬಂದ ನೀರು ಬಳಕೆಯಾದ ಮೇಲೆ ಎಲ್ಲಿಗಾದರೂ ಹರಿಯಲೇಬೇಕಷ್ಟೆ. ಅದರಲ್ಲಿ ಒಂದು ದೊಡ್ಡ ಪಾಲು ಕೊಳಚೆಯಾಗಿ ವೃಷಭಾವತಿಗೆ ಇಳಿದು, ಬೈರಮಂಗಲವನ್ನು ತುಂಬಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಮುಟ್ಟುತ್ತದೆ. ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತಿದ್ದ ಒಂದು ಸಣ್ಣ ತೊರೆಯು ವರ್ಷವಿಡೀ ತುಂಬಿ ಹರಿಯುವ ಕಾಲುವೆಯಾದುದು ಹೀಗೆ. ಬೈರಮಂಗಲದ ಕೆಳಗಿನ ರೈತರು ಭತ್ತವನ್ನು ಬಿಟ್ಟು ಬೇಬಿಕಾರ್ನ್, ಮೇವಿನ ಹುಲ್ಲುಗಳತ್ತ ತಿರುಗಿದುದಕ್ಕೂ ಈ ನೀರಿನ ಗುಣವೇ ಮುಖ್ಯ ಕಾರಣ. ಪರೀಕ್ಷಾಪತ್ರದಲ್ಲಿ ಅದಕ್ಕೆ ದೊರೆತ ಹರಿವಿನ ಅಂಕಗಳು ವಾಸ್ತವವಾಗಿ ಬೆಂಗಳೂರಿನ ನಲ್ಲಿಗಳಿಗೆ ಸಲ್ಲತಕ್ಕವು.

ಇತ್ತ ಅರ್ಕಾವತಿಯ ಮೇಲ್ಭಾಗದಲ್ಲಿ ಇದಕ್ಕೆ ವಿರುದ್ಧವಾದ ಪರಿಣಾಮ ಕಂಡುಬಂದಿತು. ತಿಪ್ಪಗೊಂಡನಹಳ್ಳಿಗೆ ಬರುವ ನೀರು ಕ್ರಮೇಣ ಕುಗ್ಗಿತು. 2003ರಲ್ಲಿ ರಾಜ್ಯ ಸರ್ಕಾರವು ಆ ಜಲಾನಯನ ಪ್ರದೇಶವನ್ನು ರಕ್ಷಿಸಲು ಅಧಿಸೂಚನೆ ಹೊರಡಿಸಿದರೂ, 2012ರ ಸುಮಾರಿಗೆ ಅಲ್ಲಿಂದ ನಗರಕ್ಕೆ ಕುಡಿಯುವ ನೀರಿನ ಪೂರೈಕೆ ನಿಂತಿತು. ಮಳೆಯೇ ಕಡಿಮೆಯಾಯಿತೆಂದು ಜನಸಾಮಾನ್ಯರು ಹೇಳುವುದುಂಟು. ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರು 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಒಂದೊಂದು ಊಹೆಯಾಗಿ ಬಿಡಿಸಿ ಪರೀಕ್ಷಿಸಿದರು. ಮಳೆಯ ಪ್ರಮಾಣದಲ್ಲಿ ಈ ಕುಸಿತವನ್ನು ವಿವರಿಸುವಂತಹ ಬದಲಾವಣೆ ಅವರಿಗೆ ಕಾಣಲಿಲ್ಲ. ಅಂತರ್ಜಲದ ಅತಿಯಾದ ಬಳಕೆ, ನೀಲಗಿರಿ ತೋಪುಗಳ ವಿಸ್ತರಣೆ, ಹಳ್ಳಗಳಿಗೆ ಅಡ್ಡಲಾದ ಕಟ್ಟೆ ಮೊದಲಾದ ತಡೆಗಳು ಇವೇ ಸಂಭಾವ್ಯ ಕಾರಣಗಳೆಂದು ಅವರು ನಿರ್ಣಯಿಸಿದರು. ಕುರಿ ಕಾಯುವ ವೃದ್ಧರ ಒರತೆಯ ಮಾತು ಬೇರೊಂದು ಹೊಳೆಗೆ ಸಂಬಂಧಿಸಿದ್ದರೂ, ನೆಲದೊಳಗಿನ ನೀರು ಇಳಿದರೆ ಹೊಳೆಯೂ ಬತ್ತುವುದೆಂಬ ಈ ನಿರ್ಣಯದೊಡನೆ ಅದು ಹೊಂದಿಕೊಳ್ಳುತ್ತದೆಂಬುದನ್ನು ಗಮನಿಸಬೇಕು.

6. ಶಿಬಿರದ ಕ್ರಮ

ಮೇಲಿನ ವಿವೇಚನೆಯನ್ನು ಅನುಸರಿಸಿ, ನಮ್ಮ ಕಾಲೇಜುಗಳಲ್ಲಿ ನಡೆಯತಕ್ಕ ಶಿಬಿರವು ಮೂರು ದಿನಗಳದ್ದಾಗಿರಬೇಕೆಂದು ಸೂಚಿಸುತ್ತೇನೆ. ಮೊದಲನೆಯ ದಿನ ಕಾಗದಪತ್ರಗಳ ಪರಿಶೀಲನೆ, ಎರಡನೆಯ ದಿನ ಹೊಳೆಯ ದಂಡೆಯ ಪರೀಕ್ಷೆ, ಮೂರನೆಯ ದಿನ ಇವೆರಡರ ತುಲನೆ.

ಮೊದಲನೆಯ ದಿನಕ್ಕೆ ಬೇಕಾದ ಸಾಮಗ್ರಿ ದುರ್ಲಭವಲ್ಲ. ಗ್ರಾಮನಕ್ಷೆಗಳಲ್ಲಿ ಹಳ್ಳಗಳು ಸ್ಪಷ್ಟವಾಗಿ ಗುರುತಿಸಲ್ಪಟ್ಟಿವೆ; ಕಂದಾಯದ ಲೆಕ್ಕದಲ್ಲಿ ಅವು ಬಿ ಖರಾಬು ಎಂಬ ಸರ್ಕಾರಿ ಭೂಮಿ. ಇವುಗಳ ಜೊತೆಗೆ ರೈಸ್ ಅವರ ಮೈಸೂರು ಗೆಜೆಟಿಯರ್, ಸಿ. ಹಯವದನರಾವ್ ಅವರು ಸಂಪಾದಿಸಿದ ಗೆಜೆಟಿಯರ್ ಸಂಪುಟಗಳು, 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ, ಶಾಸನಸಂಪುಟ ಇವನ್ನು ಓದಬೇಕು. ಕೇಂದ್ರ ಜಲ ಆಯೋಗವು ಕನಕಪುರ ತಾಲ್ಲೂಕಿನ ಟಿ. ಬೇಕುಪ್ಪೆಯಲ್ಲಿ ಅರ್ಕಾವತಿಯ ಹರಿವನ್ನು ಅಳೆದಿರುವ ಲೆಕ್ಕವೂ ಉಪಯುಕ್ತ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಮರುದಿನ ನೋಡಲಿರುವ ಒಂದು ಫರ್ಲಾಂಗಿನಷ್ಟು ಹೊಳೆಯ ಹಿಂದಿನ ಸ್ಥಿತಿಯನ್ನು ಕುರಿತು ಒಂದು ಪುಟದ ಟಿಪ್ಪಣಿಯನ್ನು ಬರೆಯಬೇಕು.

ಎರಡನೆಯ ದಿನದ ಪರೀಕ್ಷೆಗೆ ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಸ್ಥಳವನ್ನು ಆರಿಸಿಕೊಳ್ಳಬಹುದು: ಮಾಗಡಿಯಲ್ಲಿ ಮಂಚನಬೆಲೆಯ ಕೆಳಗೆ, ರಾಮನಗರದಲ್ಲಿ ಪಟ್ಟಣವನ್ನು ದಾಟಿದ ಬಳಿಕ, ಚನ್ನಪಟ್ಟಣದಲ್ಲಿ ಕಣ್ವಾ ತೀರ, ಕನಕಪುರದಲ್ಲಿ ಸಂಗಮ. ವಿದ್ಯಾರ್ಥಿಗಳನ್ನು ನಾಲ್ಕು ತಂಡಗಳಾಗಿ ಮಾಡಿ, ಒಂದೊಂದು ತಂಡವನ್ನು ಒಂದೊಂದು ಸ್ಥಳಕ್ಕೆ ಕಳುಹಿಸುವುದು ಅನುಕೂಲ. ದಾರ, ಅಳತೆಗೋಲು, ಗಡಿಯಾರ, ತೇಲಿಬಿಡಲು ಒಂದು ನಿಂಬೆಹಣ್ಣು, ಉಷ್ಣಮಾಪಕ, ಸಣ್ಣ ಕಣ್ಣಿನ ಬಲೆ, ಬಿಳಿಯ ತಟ್ಟೆ ಇಷ್ಟು ಉಪಕರಣಗಳು ಸಾಕು. ನಿಂಬೆಹಣ್ಣು 10 ಮೀಟರ್ ದೂರವನ್ನು ಎಷ್ಟು ಸೆಕೆಂಡುಗಳಲ್ಲಿ ಕ್ರಮಿಸುವುದೆಂದು ನೋಡಿದರೆ ಹರಿವಿನ ವೇಗ ತಿಳಿಯುತ್ತದೆ. ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಂದುದನ್ನು ತಟ್ಟೆಯಲ್ಲಿ ಹರಡಿದರೆ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ಮರಿಯಿಂದ ಹಿಡಿದು ಕೆಸರಿನ ಕೆಂಪುಹುಳುವಿನವರೆಗೆ ಹಲವು ಜೀವಿಗಳು ಕಣ್ಣಿಗೆ ಬೀಳುತ್ತವೆ. ಕೊಳಚೆ ಹರಿಯುವ ಕಡೆ ನೀರಿಗೆ ಇಳಿಯಕೂಡದು, ನೀರನ್ನು ಬರಿಗೈಯಿಂದ ಮುಟ್ಟಕೂಡದು. ಅಣೆಕಟ್ಟಿನ ಕೆಳಗೆ ನೀರು ಬಿಡುವ ಸಮಯವನ್ನು ತಿಳಿದುಕೊಂಡೇ ಪಾತ್ರಕ್ಕೆ ಇಳಿಯಬೇಕು. ಸಂಗಮದ ಸುತ್ತಣ ಕಾಡು 1987ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಧಾಮಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಅವಶ್ಯಕ.

ಆ ವನ್ಯಧಾಮದ ದಂಡೆಗಳಲ್ಲಿ ಬೃಹದಾಕಾರದ ಹೊಳೆಮತ್ತಿಯ ಮರಗಳು ನೀರಿನತ್ತ ಬಾಗಿ ನಿಂತಿವೆ. ನೀರುನಾಯಿ, ಮಹಶೀರ್ ಮೀನುಗಳಿಗೆ ಆ ಪ್ರದೇಶವು ಆಶ್ರಯವಾಗಿದೆ. ಆರೋಗ್ಯವಾದ ನದೀತೀರವೆಂದರೆ ಹೇಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ಅಲ್ಲಿ ಕಣ್ಣಾರೆ ಕಾಣಬಹುದು. ಆದರೂ ಕಾವೇರಿಯಂತಹ ಮಹಾನದಿಯ ದಂಡೆಯನ್ನೇ ಕಣ್ವಾ ನದಿಯಂತಹ ಸಣ್ಣ ಹೊಳೆಗೆ ಮಾದರಿಯಾಗಿ ಹಿಡಿಯಲಾಗದು. ಮಾದರಿಯನ್ನು ಆಯಾ ಹೊಳೆಯ ಚರಿತ್ರೆಯಿಂದಲೇ ಕಟ್ಟಬೇಕು.

ಇದಕ್ಕಾಗಿ ಪರೀಕ್ಷಾಪತ್ರದ 10 ಅಂಶಗಳ ಜೊತೆಗೆ ಮೂರು ಪ್ರಶ್ನೆಗಳನ್ನು ಸೇರಿಸಬೇಕೆಂದು ನನ್ನ ಅಭಿಪ್ರಾಯ. ಈ ಸ್ಥಳದಲ್ಲಿ ಹಿಂದೆ ಯಾವ ತಿಂಗಳವರೆಗೆ ನೀರು ಹರಿಯುತ್ತಿತ್ತು? ಬೇಸಗೆಯಲ್ಲಿ ಮರಳನ್ನು ತೋಡಿದರೆ ಎಷ್ಟು ಆಳದಲ್ಲಿ ಒರತೆ ಸಿಗುತ್ತಿತ್ತು, ಈಗ ಎಷ್ಟು ಆಳದಲ್ಲಿ ಸಿಗುತ್ತದೆ? ಈಗ ಹರಿಯುತ್ತಿರುವ ನೀರು ಎಲ್ಲಿಂದ ಬಂದುದು? ಇವುಗಳಿಗೆ ಉತ್ತರವನ್ನು ದಂಡೆಯ ಊರಿನ ಹಿರಿಯರಿಂದ, ನೀರಗಂಟಿಯ ಮನೆತನದವರಿಂದ, ಅಗಸರಿಂದ, ಮೀನು ಹಿಡಿಯುವವರಿಂದ ಕೇಳಿ ಬರೆದುಕೊಳ್ಳಬೇಕು. ಇವಕ್ಕೆ ಅಂಕಗಳನ್ನು ಕೊಡುವ ಅಗತ್ಯವಿಲ್ಲ. 200ರಲ್ಲಿ ದೊರೆತ ಅಂಕಗಳನ್ನು ಯಾವ ಬೆಳಕಿನಲ್ಲಿ ಓದಬೇಕೆಂಬುದನ್ನು ಈ ಉತ್ತರಗಳು ತೋರಿಸಿದರೆ ಸಾಕು.

7. ಆಕ್ಷೇಪ ಮತ್ತು ಸಮಾಧಾನ

ಹಿರಿಯರ ನೆನಪನ್ನು ವಿಜ್ಞಾನದ ಪಕ್ಕದಲ್ಲಿ ಇರಿಸಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪವು ನಿರಾಧಾರವಾದುದಲ್ಲ. ಗತಕಾಲವು ನೆನಪಿನಲ್ಲಿ ಯಾವಾಗಲೂ ತುಂಬಿ ಹರಿಯುತ್ತದೆ. ಬರಗಾಲದ ವರ್ಷಗಳನ್ನು ಮನಸ್ಸು ಬೇಗ ಮರೆಯುತ್ತದೆ. ಮಳೆಯೇ ಕಡಿಮೆಯಾಯಿತೆಂಬ ಜನವಾದವು ಅಳತೆಯ ಮುಂದೆ ನಿಲ್ಲಲಿಲ್ಲವೆಂಬುದನ್ನು ಈಗಾಗಲೇ ನೋಡಿದೆವು. ಆದಕಾರಣ ಮೌಖಿಕ ಸಾಕ್ಷ್ಯವನ್ನು ಇತರ ಸಾಕ್ಷ್ಯಗಳಂತೆಯೇ ಒರೆಗೆ ಹಚ್ಚಬೇಕು. ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ, ಮಾತನ್ನು ನಕ್ಷೆಯೊಡನೆ, ನಕ್ಷೆಯನ್ನು ಅಳತೆಯೊಡನೆ ಹೋಲಿಸಿ ನೋಡಬೇಕು. ಶಾಸನ ಮತ್ತು ಕಾವ್ಯಗಳ ನಡುವೆ ಈ ಕೆಲಸವನ್ನು ಪ್ರತಿದಿನವೂ ಮಾಡುವ ನಮಗೆ ಅದು ಹೊಸ ವಿದ್ಯೆಯೇನೂ ಅಲ್ಲ. ಒಂದು ಸಾಕ್ಷ್ಯವು ಎಲ್ಲಿಯವರೆಗೆ ನಂಬಲರ್ಹ, ಎಲ್ಲಿಂದ ಮುಂದೆ ಅಲ್ಲ ಎಂಬುದನ್ನು ನಿರ್ಣಯಿಸುವುದೇ ನಮ್ಮ ಶಾಸ್ತ್ರದ ತಿರುಳು.

ಇದು ಕೇವಲ ಪಾಂಡಿತ್ಯದ ಚರ್ಚೆಯೂ ಅಲ್ಲ. ರೋಗನಿರ್ಣಯವನ್ನು ಅನುಸರಿಸಿಯೇ ಚಿಕಿತ್ಸೆ ನಡೆಯುತ್ತದೆ. ಪಾತ್ರದಲ್ಲಿ ನೀರು ತುಂಬಿರುವುದೇ ಆರೋಗ್ಯವೆಂದು ತಪ್ಪಾಗಿ ತಿಳಿದರೆ, ಎಲ್ಲಿಂದಲಾದರೂ ನೀರನ್ನು ತಂದು ತುಂಬಿ, ದಡಕ್ಕೆ ಕಾಂಕ್ರೀಟಿನ ಗೋಡೆ ಕಟ್ಟಿ, ನದಿಯು ಪುನಶ್ಚೇತನಗೊಂಡಿತೆಂದು ಸಾರುವುದು ಸುಲಭವಾಗುತ್ತದೆ. ಒರತೆ ಬತ್ತಿದುದೇ ರೋಗವೆಂದು ಅರಿತರೆ, ಕೊಳವೆಬಾವಿಗಳ ಕಡೆಗೂ ನೀಲಗಿರಿ ತೋಪುಗಳ ಕಡೆಗೂ ಒತ್ತುವರಿಯಾದ ಹಳ್ಳಗಳ ಕಡೆಗೂ ದೃಷ್ಟಿ ಹಾಯಿಸಬೇಕಾಗುತ್ತದೆ. ಎರಡನೆಯದು ಕಷ್ಟದ ದಾರಿ. ಆದರೆ ಮೊದಲನೆಯ ದಾರಿಯು ಹೊಳೆಯನ್ನು ಮುಟ್ಟುವುದಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮೂರನೆಯ ದಿನದ ಕಡೆಯಲ್ಲಿ ಉತ್ತರ ಹೇಳಲು ನಮಗೆ ಸಾಧ್ಯವಾಗಬೇಕು. ವೃಷಭಾವತಿಯಲ್ಲಿ ನೀರಿದೆ, ಅದು ಹೊಳೆಯ ನೀರಲ್ಲ; ಕಣ್ವಾ ನದಿಯಲ್ಲಿ ನೀರಿಲ್ಲ, ಅದರಲ್ಲಿ ಎಷ್ಟು ಭಾಗ ಪ್ರಕೃತಿ, ಎಷ್ಟು ಭಾಗ ವಿಕೃತಿ ಎಂಬುದನ್ನು ಮರಳನ್ನು ತೋಡಿಯೇ ತಿಳಿಯಬೇಕು. ಒರತೆಯನ್ನು ಕಂಡವರು ಇನ್ನೂ ಬದುಕಿದ್ದಾರೆ. ಅವರ ಮಾತನ್ನು ಬರೆದಿಡಲು ನಮಗೆ ಉಳಿದಿರುವ ಕಾಲವು ದೀರ್ಘವಾದುದಲ್ಲ. ಈ ವರ್ಷದ ಬೇಸಗೆಯಲ್ಲಿಯೇ ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವು ತನ್ನ ಸಮೀಪದ ಒಂದು ಹಳ್ಳವನ್ನಾದರೂ ಆರಿಸಿಕೊಂಡು ಈ ಕೆಲಸವನ್ನು ಕೈಗೊಳ್ಳಬೇಕೆಂದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ.